ಮೂರನೇ ಮಹಡಿಗೆ ಬಂದವರು

ಕಿದ್ವಾಯಿ ನಗರ, ದೆಹಲಿ
ಬುಧವಾರ

ಅಪ್ಪಾ, ನಿಮಗೂ ಅವ್ವನಿಗೂ ನಮಸ್ಕಾರ.

ಭೂಕಂಪದ ಸುದ್ದಿ ನೋಡಿ ನೀವು ಫೋನ್ ಮಾಡಿದಾಗ ಏನೂ ಆಗಿಲ್ಲ ಅಂದೆ. ಆದರೆ ಒಂದು ಸಂಗತಿ ಆಯಿತು. ಆಗ ಹೇಳಲು ಬಾಯಿ ಬರಲಿಲ್ಲ.

ನಮ್ಮ ಆಫೀಸಿನ ಟಪಾಲು ವಿಭಾಗದಲ್ಲಿ ಗುರುಬಸವ ಅಂತ ಇದ್ದಾರೆ, ಗದಗಿನವರು. ನಾವಿಬ್ಬರೂ ಮದುವೆಯಾಗಬೇಕೆಂದುಕೊಂಡು ಎರಡು ವರ್ಷವಾಯಿತು. ಯಾರಿಗೂ ತಿಳಿಯದಂತೆ ನಡೆದುಕೊಂಡೆವು. ಮೆಟ್ರೋದಲ್ಲಿ ಬೇರೆ ಬೇರೆ ಬೋಗಿ, ಆಫೀಸಿನಲ್ಲಿ ಬರೀ 'ಸರ್', 'ಮೇಡಂ'. ಹೆಸರು ಕೆಡಿಸಿಕೊಳ್ಳಬೇಡ ಅಂತ ನೀವು ಹೇಳಿ ಕಳಿಸಿದ್ದಿರಲ್ಲ.

ಸೋಮವಾರ ನೆಲ ನಡುಗಿದಾಗ ಎಲ್ಲರೂ ಮೆಟ್ಟಿಲಿಳಿದು ಓಡಿದರು. ನಾನು ಮಾತ್ರ ಹೆದರಿ ಮೂರನೇ ಮಹಡಿಯಲ್ಲಿ ಮೇಜಿನ ಕೆಳಗೆ ಕೂತುಬಿಟ್ಟೆ. ಇಳಿಯುವ ಅಷ್ಟು ಜನರ ನಡುವೆ ಗುರುಬಸವ ಅವರೊಬ್ಬರೇ ಕಂಬಿ ಹಿಡಿದು ಹತ್ತಿ ಬಂದರು. ಚಿಕ್ಕಂದಿನ ಪೋಲಿಯೋದಿಂದ ಅವರ ಎಡಗಾಲಿಗೆ ಶಕ್ತಿಯಿಲ್ಲ ಅಪ್ಪಾ. ಇದನ್ನು ನಿಮಗೆ ಹೇಗೆ ಹೇಳುವುದೆಂದೇ ಇಷ್ಟು ದಿನ ಸುಮ್ಮನಿದ್ದೆ.

"ಶಾಲೂ, ಏಳು, ನಾನು ಬಂದೀನಿ" ಅಂದರು.

ಕೈ ಹಿಡಿದುಕೊಂಡೇ ಇಳಿದೆವು. ಹೊರಗೆ ಇಡೀ ಆಫೀಸು ನಿಂತಿತ್ತು. ಅವರು ಕೈ ಬಿಡಿಸಿಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. ನಮ್ಮ ಮೇಲಧಿಕಾರಿ ಖನ್ನಾ ಮೇಡಂ ತಮ್ಮ ನೀರಿನ ಬಾಟಲಿ ಅವರಿಗೆ ಕೊಟ್ಟು, "ಬೈಠಿಯೇ" ಅಂತ ಕೂರಿಸಿದರು.

ಅಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ನನಗಾಗಿ ಆ ಮೆಟ್ಟಿಲು ಹತ್ತಿದನಲ್ಲ ಎಂದು ಎರಡು ದಿನದಿಂದ ಕೆಲಸ ಬಿಟ್ಟು ಕೂತು ಯೋಚಿಸುತ್ತಿದ್ದೇನೆ.

ಅವ್ವನಿಗೆ ನೀವೇ ತಿಳಿಸಿ ಹೇಳಿ. ಮುಂದಿನ ತಿಂಗಳು ಬರುವುದಾದರೆ ಕೆಳಗಿನ ಬರ್ತಿನ ಟಿಕೆಟ್ ಮಾಡಿಸುತ್ತೇನೆ. ಸ್ಟೇಷನ್ನಿಗೆ ನಾವಿಬ್ಬರೂ ಬರುತ್ತೇವೆ.

ನಿಮ್ಮ ಮಗಳು
ಶಾಲ್ಮಲಾ