ಎಡಬಲ ತಪ್ಪಿದ ಹರಳು

ಮಾರ್ಚ್ ೧೨, ಗುರುವಾರ

ನನ್ನ ಮೊಂಡಿ ತಂಗಿಗೆ,

ಅಣ್ಣನ ನೆನಪುಗಳು. ನಿನ್ನ ಎರಡು ಕಾಗದಗಳಿಗೂ ಉತ್ತರಿಸದೆ ಕೂತವನ ಮೇಲೆ ಸಿಟ್ಟು ಬಂದಿದ್ದರೆ ಬರಲಿ, ತಪ್ಪೇನಿಲ್ಲ. ನನ್ನ ಮಂಡಿನೋವು ಹಾಗೇ ಇದೆ. ಅತ್ತಿಗೆ ನಿನ್ನ ಮಗಳಿಗೆ ಸ್ವೆಟರ್ ಹೆಣೆಯುತ್ತಿದ್ದಾಳೆ. ಒಂದು ತೋಳು ಉದ್ದವಾಯಿತೆಂದರೆ ನನ್ನ ಮೇಲೇ ಎಗರುತ್ತಾಳೆ.

ಸುದ್ದಿ ಇದು. ನೀನು ಪ್ರಯೋಗಾಲಯ ಬಿಟ್ಟ ಏಳು ವರ್ಷಕ್ಕೆ ನಿನ್ನ ಕಗೋಮೆ ಹರಳನ್ನು ಹೊಸ ಸಂಶೋಧಕಿಯೊಬ್ಬಳು ಮತ್ತೆ ತಣಿಸಿದ್ದಾಳೆ. ಬುಟ್ಟಿಯ ಹೆಣಿಗೆಯಂತೆ ಪರಮಾಣುಗಳು ತ್ರಿಕೋನ ತ್ರಿಕೋನವಾಗಿ ಕೂತ ಅದೇ ಹರಳು. ಅತಿ ಶೀತದಲ್ಲಿ ಅದರೊಳಗೆ ವಿದ್ಯುತ್ತು ತಡೆಯೇ ಇಲ್ಲದೆ ಹರಿಯುವುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೂ ಮೊದಲೇ ಎಲೆಕ್ಟ್ರಾನುಗಳು ಒಂದು ಬದಿಗೆ ಸುತ್ತಿದಂತೆ ಸಾಲುಗಟ್ಟುತ್ತವೆ, ಅಯಸ್ಕಾಂತ ಮೇಲ್ಮುಖವಾದರೆ ಬಲಕ್ಕೆ, ಕೆಳಮುಖವಾದರೆ ಎಡಕ್ಕೆ ಎಂದವಳು ನೀನೊಬ್ಬಳೇ.

ಆರು ತಿಂಗಳು ಸೂಕ್ಷ್ಮದರ್ಶಕದ ಚಿತ್ರಗಳು ನೀನು ಹೇಳಿದ ಹಾಗೇ ಬಂದವು. ನಾನು ಅಯಸ್ಕಾಂತ ರಿಪೇರಿ ಮಾಡಿ ತಂತಿ ಮತ್ತೆ ಜೋಡಿಸಿದ ಮೇಲೆ ಎಲ್ಲ ಉಲ್ಟಾ. "ಅಣ್ಣ, ತಂತಿ ಸರಿಯಾಗಿ ಹಾಕಿದೀಯ ತಾನೆ?" ಎಂದು ನೀನು ಕೇಳಿದೆ. "ಇಪ್ಪತ್ತು ವರ್ಷದಿಂದ ಈ ಲ್ಯಾಬಲ್ಲಿ ಇದೇ ಕೆಲಸ ಮಾಡ್ತಿದೀನಿ, ನೀನು ನಂಗೆ ಹೇಳ್ಕೊಡ್ತೀಯಾ?" ಎಂದು ನಾನು ರೇಗಿದೆ. ನೀನು ನಂಬಿದೆ. "ನಿನ್ನೆ ಬಲ, ಇವತ್ತು ಎಡ! ನಿಂಗೆ ಬೇಕಾದ್ದೇ ನಿಂಗೆ ಕಾಣ್ಸುತ್ತೆ ಕಣಮ್ಮ" ಎಂದು ನಿನ್ನ ಸಂಶೋಧನೆಯ ಮೇಷ್ಟ್ರು ಎಲ್ಲರೆದುರು ನಕ್ಕರು. ನೀನು ಪುಸ್ತಕ ಮುಚ್ಚಿ ಎದ್ದು ಹೋದೆ, ಮತ್ತೆ ಬರಲಿಲ್ಲ.

ಸೋಮವಾರ ಈ ಹುಡುಗಿ ಅಯಸ್ಕಾಂತದ ಪಕ್ಕ ದಿಕ್ಸೂಚಿ ಇಟ್ಟಳು. "ಅಂಕಲ್, ಕೆಂಪು ತಂತಿ ಕಪ್ಪು ತಂತಿ ಅದಲುಬದಲಾಗಿದೆ ನೋಡಿ" ಎಂದಳು. ಉಳಿದವರ ಪ್ರಯೋಗಗಳಿಗೆ ದಿಕ್ಕು ಬೇಕಿರಲಿಲ್ಲ, ಹಾಗಾಗಿ ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ. ನಿನ್ನ ಹಳೆಯ ಚಿತ್ರಗಳನ್ನೆಲ್ಲ ತೆಗೆದು, ರಿಪೇರಿಯ ನಂತರದವಕ್ಕೆ ದಿಕ್ಕು ತಿರುಗಿಸಿ ಹೊಂದಿಸಿದರು. ಒಂದೂ ತಪ್ಪಿಲ್ಲ. ಲೇಖನದಲ್ಲಿ ನಿನ್ನ ಹೆಸರೇ ಮೊದಲಿರಬೇಕೆಂದು ಅವಳ ಹಟ. ಮೇಷ್ಟ್ರು ತಲೆ ತಗ್ಗಿಸಿಕೊಂಡು ನಿನ್ನ ವಿಳಾಸ ಕೇಳಿದರು.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿರುವ ನಿನ್ನನ್ನು ನೆನೆದು ನಾನು ಅತ್ತುಬಿಟ್ಟೆ. ಸಂತೋಷಕ್ಕೆ ಅಳುತ್ತಿದ್ದೇನೆಂದು ಅತ್ತಿಗೆ ಅಂದುಕೊಂಡಳು. ನೀನೂ ಮಗಳೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಣ್ಣ

ಇನ್ನೊಂದು ಮಾತು: ಅದಲುಬದಲಾದದ್ದು ಎಲ್ಲರಿಗೂ ಗೊತ್ತಾದದ್ದು ಸೋಮವಾರ. ನನಗೆ ಗೊತ್ತಾದದ್ದು ನೀನು ಎದ್ದುಹೋದ ಹತ್ತು ನಿಮಿಷಕ್ಕೆ. ಅಯಸ್ಕಾಂತದ ತಂತಿಪೆಟ್ಟಿಗೆ ಬಿಚ್ಚಿ ನೋಡಿದೆ. ಹಾಗೇ ಮುಚ್ಚಿದೆ. ನೀನಿನ್ನೂ ಕೆಳಗೆ ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಕಿಟಕಿಯಿಂದ ಕಾಣುತ್ತಿದ್ದೆ. ಕೂಗಿದ್ದರೆ ಕೇಳಿಸುತ್ತಿತ್ತು.