ಹಂಚುವ ಆದೇಶದ ಅರ್ಧ ಪುಟ

೧೯೩೧, ಮಾರ್ಚ್ ೪, ಮೂರನೆಯ ಸಲ. ಕೋಲಾರದ ಹಳೆಯ ಗಣಿಯ ಒಳಗೆ.

ತಾರೀಖು ತಪ್ಪಲ್ಲ. ನಮ್ಮ ಯಂತ್ರದ ಗಡಿಯಾರ ತಾನು ಎಣಿಸಬಲ್ಲ ಕೊನೆಯ ವರ್ಷವನ್ನು ಮುಟ್ಟಿದಾಗಲೆಲ್ಲ ೧೯೦೧ಕ್ಕೆ ಮರಳಿ ಮತ್ತೆ ಎಣಿಸತೊಡಗುತ್ತದೆ. ನಾವೂ ಅದನ್ನೇ ಅನುಸರಿಸುತ್ತೇವೆ. ನಿಮ್ಮ ಕಾಲದ ಕನ್ನಡವನ್ನು ನಿಮ್ಮ ಕೈಪಿಡಿಯಿಂದಲೇ ಕಲಿತವಳು ನಾನು. ಮಾತು ಯಂತ್ರಕ್ಕೆ ಕೊಟ್ಟ ಸೂಚನೆಯಂತೆ ಕೇಳಿಸಿದರೆ ಕ್ಷಮಿಸಿ.

ಹೆಸರು ಬರೆಯದೆ ಹೋದ ನಿಮಗೆ ಈ ಪತ್ರ. ಹಳೆಯ ಆಪರೇಟಿಂಗ್ ಸಿಸ್ಟಂ ಒಂದರ ಆದೇಶಗಳನ್ನು ವಿವರಿಸುವ ಕೈಪಿಡಿಯನ್ನು ನೀವು ಕೆಲವರು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಬರೆದಿರಿ. ಇಂದು ಏಳು ಸುರಂಗಗಳಿಗೆ ಗಾಳಿ ಹಂಚುವುದು ಆ ಸಿಸ್ಟಂ. ನೆಲದ ಮೇಲೆ ಉಸಿರಾಡುವಂತಿಲ್ಲ. ಕೈಪಿಡಿಯನ್ನು ನೋಡಿಕೊಳ್ಳುವ ನಮ್ಮನ್ನು ಪುಟಗಾರರು ಎನ್ನುತ್ತಾರೆ. ಊಟದಲ್ಲಿ ಮೊದಲ ಪಂಕ್ತಿ ನಮ್ಮದು. ಮದುವೆಗಳಿಗೆ ನಮ್ಮನ್ನು ಯಾರೂ ಕರೆಯುವುದಿಲ್ಲ.

ಕಾರಣ ನಿಮ್ಮ ನಿಯಮ. ‘ಓಡಿಸಿ ನೋಡದ ಆದೇಶವನ್ನು ವಿವರಿಸಬಾರದು’ ಎಂದು ಮೊದಲ ಪುಟದಲ್ಲೇ ಬರೆದಿದ್ದೀರಿ. ಪ್ರಯೋಗಕ್ಕೆ ನಿಮ್ಮಲ್ಲಿ ಬೇರೆ ಯಂತ್ರಗಳಿದ್ದವು. ನಮ್ಮಲ್ಲಿರುವುದು ಒಂದೇ. ಹಾಗಾಗಿ ಯಾವುದಾದರೂ ಒಂದು ಸುರಂಗದ ಮೇಲೆ ಓಡಿಸಿ ನೋಡುತ್ತೇವೆ. ಖಾಲಿ ಸುರಂಗದಿಂದ ಉಪಯೋಗವಿಲ್ಲ: ಒಳಗೆ ಉಸಿರಿಲ್ಲದಿದ್ದರೆ ಯಂತ್ರ ಬಾಗಿಲು ಮುಚ್ಚಿ ಸುಮ್ಮನಾಗುತ್ತದೆ. ಮುಂಚೆ ತಿಳಿಸುವುದೂ ಇಲ್ಲ. ಹಿರಿಯ ಪುಟಗಾರ ಪಿಳ್ಳಪ್ಪನವರು ನಾನು ಸೇರಿದ ದಿನವೇ ಹೇಳಿದ್ದರು: “ಹೇಳ್ಬಿಟ್ರೆ ಎದ್ದೋಗ್ತಾರಮ್ಮಾ. ಆಮೇಲೆ ನಿನ್ ಪುಟದಾಗೆ ಏನ್ ಬರೀತೀಯ, ಅವರ ಚಪ್ಪಲಿ ಸದ್ದಾ?” ಕಳೆದ ವರ್ಷ ಎರಡನೇ ಸುರಂಗದ ಮೇಲೆ ‘ನಿಲ್ಲಿಸಿ ಮುಂದುವರಿಸು’ ಎಂಬ ಆದೇಶವನ್ನು ಓಡಿಸಿದೆವು. ಗಾಳಿ ನಿಂತಿತು, ಮುಂದುವರಿಯಲು ತಡಮಾಡಿತು. ಆ ಪುಟ ಈಗ ಪೂರ್ಣವಾಗಿದೆ, ಉದಾಹರಣೆಯ ಸಮೇತ. ಎರಡನೇ ಸುರಂಗವನ್ನು ಉಗ್ರಾಣ ಮಾಡಿಕೊಂಡಿದ್ದೇವೆ.

ಈಗ ದೊಡ್ಡ ಪಂಖ ಸೋಲುತ್ತಿದೆ. ಅದು ನಿಲ್ಲುವ ಮೊದಲು ಅದರ ಕೆಲಸವನ್ನು ಸಣ್ಣ ಪಂಖಗಳಿಗೆ ಹಂಚದಿದ್ದರೆ ಯಾರೂ ಉಳಿಯುವುದಿಲ್ಲ. ಒಂದು ಸಾಧನದ ಕೆಲಸವನ್ನು ಬೇರೆ ಸಾಧನಗಳಿಗೆ ಹಂಚುವ ಆದೇಶದ ಪುಟ ನಿಮ್ಮದು. ನಿಮ್ಮ ಮಟ್ಟಿಗೆ ಅದು ಪ್ರಿಂಟರುಗಳ ವಿಷಯವಾಗಿದ್ದಿರಬೇಕು. ಪುಟದಲ್ಲಿ ಆದೇಶದ ಹೆಸರಿದೆ, ಅದಕ್ಕೆ ಕೊಡಬೇಕಾದ ಎರಡು ಸಂಖ್ಯೆಗಳ ಪೈಕಿ ಒಂದರ ವಿವರವಿದೆ. ಕೆಳಗೆ ನಿಮ್ಮ ಟಿಪ್ಪಣಿ: ‘ಓಡಿಸಿ ನೋಡಿದೆ, ಸರಿಯಾಗಿದೆ. ಉಳಿದದ್ದು ಆಮೇಲೆ.’ ಅಂದರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದು ಹೋದಿರಿ.

ಈ ಸಲ ಚೀಟಿ ಎತ್ತಿದಾಗ ಐದನೇ ಸುರಂಗ ಬಂತು. ಅಲ್ಲಿ ನನ್ನ ತಂಗಿ ಮುನಿಲಕ್ಷ್ಮಿ ಅಣಬೆ ಬೆಳೆಯುತ್ತಾಳೆ. ಇವತ್ತು ಒಂದು ಬುಟ್ಟಿ ತಂದುಕೊಟ್ಟಳು. “ಏನಕ್ಕಾ, ನಿಮ್ ಪುಸ್ತಕದಾಗೆ ಇನ್ನೂ ಜಾಗ ಖಾಲಿ ಐತಂತೆ? ನೀವು ತುಂಬ್ಸೋದ್ರೊಳಗೆ ನಮ್ ಅಣಬೆಗೂ ಮೀಸೆ ಬರ್ತದೆ ಬಿಡು” ಎಂದು ನಕ್ಕಳು. ನಾನೂ ನಕ್ಕೆ. ಅಣಬೆ ಚೆನ್ನಾಗಿದ್ದವು.

ನಿಮ್ಮಲ್ಲಿ ನನ್ನದು ಒಂದೇ ಕೋರಿಕೆ: ಎರಡನೇ ಸಂಖ್ಯೆ ಏನೆಂದು ಬರೆಯಿರಿ. ಒಂದು ವಾಕ್ಯ ಸಾಕು. ಈ ಪತ್ರವನ್ನು ನಿಮ್ಮ ಪುಟದ ಚರ್ಚೆಯ ಜಾಗದಲ್ಲಿ ಇಡುತ್ತಿದ್ದೇನೆ. ನೀವು ಓದಲಾರಿರಿ ಎಂಬುದು ನನಗೆ ತಿಳಿಯದ ಸಂಗತಿಯಲ್ಲ.

ಆ ಸಂಖ್ಯೆಯನ್ನು ಊಹಿಸಿ, ನಾಳೆ ಮೊದಲ ಪಾಳಿಯಲ್ಲಿ, ಐದನೇ ಸುರಂಗದ ಮೇಲೆ ಆದೇಶ ಓಡಿಸುವುದೆಂದು ಪುಟಗಾರರು ತೀರ್ಮಾನಿಸಿದ್ದಾರೆ. ಓಡಿಸುವವಳು ನಾನು. ಆ ಹೊತ್ತಿಗೆ ಮುನಿಲಕ್ಷ್ಮಿ ಪಾತಿಗಳ ನಡುವೆ ಇರುತ್ತಾಳೆ. ಅವಳಿಗೆ ಹೇಳಬಾರದೆಂದು ಯಾರೂ ನನ್ನನ್ನು ಒತ್ತಾಯಿಸಿಲ್ಲ. ಆ ತೀರ್ಮಾನ ನನ್ನದು.