ನೋವು ನಿಂತ ಹೊತ್ತು

ಜೀವದ ಗೆಳತಿ ನೀಲಾ,

ನಿನ್ನ ಮಗಳನ್ನು ಈಗಷ್ಟೇ ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚುವ ಮುಂಚೆ ಆಕೆ ತಿರುಗಿ ನೋಡಿದ್ದು ನನ್ನನ್ನಲ್ಲ, ಗಂಡನನ್ನೂ ಅಲ್ಲ. ಯಾರನ್ನು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಕೈಗೆ ಏನಾದರೂ ಕೆಲಸ ಬೇಕು. ನೀನು ಹೋದ ಮೇಲೆ ನಿನಗೆ ಒಂದು ಸಾಲನ್ನೂ ಬರೆಯದವಳು ಇವತ್ತು ಕರ್ನೂಲಿನ ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ ಕೂತು...

ಎಂ.ಎ. ಓದುವಾಗ ಬಳ್ಳಾರಿಗೆ ಹೋಗುತ್ತಿದ್ದ ರೈಲು ನೆನಪಿದೆಯಾ? ಕಿಟಕಿ ಪಕ್ಕದ ಜಾಗ ಯಾವಾಗಲೂ ನಿನ್ನದು. ನಾನು ಕವಿತೆ ಓದುತ್ತಿದ್ದೆ, ನೀನು ಪುಟದ ಕೆಳಗೆ ಅಂಗೈ ಇಟ್ಟು ಕೊನೆಯ ಸಾಲುಗಳನ್ನು ಮುಚ್ಚುತ್ತಿದ್ದೆ. "ಕೊನಿ ಓದಬ್ಯಾಡ, ನಾನೇ ಹೇಳ್ತೀನಿ." ನಿನ್ನ ಅಂದಾಜು ಬಹಳ ಸಲ ತಪ್ಪುತ್ತಿತ್ತು. ಕವಿತೆ ಕತ್ತಲ ಕಡೆ ಹೊರಳಿರುತ್ತಿತ್ತು, ನೀನು ಬೆಳಗು ಮಾಡಿರುತ್ತಿದ್ದೆ. "ಈ ಕವಿಗೆ ಬುದ್ಧಿ ಇಲ್ಲ" ಎಂದು ನಕ್ಕು ಬುತ್ತಿ ಬಿಚ್ಚುತ್ತಿದ್ದೆ.

ಪೆದ್ದಹರಿವಾಣಂನ ನಿಮ್ಮ ತವರು ಮನೆಯ ಆ ಮಧ್ಯಾಹ್ನವನ್ನು ನಿನಗೆ ನಾನು ಹೇಳಬೇಕೇ? ಆದರೂ ಹೇಳುತ್ತೇನೆ, ಯಾಕೆಂದರೆ ಅದರ ಅರ್ಥ ಆಗ ನಿನಗೂ ಗೊತ್ತಿರಲಿಲ್ಲ. ಮೊದಲ ಹೆರಿಗೆಯಲ್ಲಿ ನಿನಗೆ ಆಪರೇಷನ್ ಆಗಿತ್ತು, ಗಂಡುಕೂಸು ಉಳಿದಿರಲಿಲ್ಲ. ಎರಡನೆಯ ಸಲ ನನ್ನ ಮಗಳ ಹೊಟ್ಟೆಗೆ ಕತ್ತಿ ತಾಗಿಸುವುದಿಲ್ಲ ಎಂದು ನಿಮ್ಮವ್ವ ಹಟ ಹಿಡಿದಿದ್ದಳು. ಬೆಳಗಿನಿಂದ ನೋವು ತಿಂದೆ. ನಾನು ನಿನ್ನ ಸೊಂಟ ಒತ್ತುತ್ತ ಕೂತಿದ್ದೆ. ಊಟದ ಹೊತ್ತು ಕಳೆದ ಮೇಲೆ ಒಮ್ಮೆಲೇ ನೀನು ಕಣ್ಣು ಬಿಟ್ಟು, "ಅವ್ವಾ, ನೋವು ನಿಂತೈತಿ" ಅಂದೆ.

"ನಿಂತ್ರ ಚಲೋನ ಆತು. ಸ್ವಲ್ಪ ಮಲಕ್ಕೋ. ಇವತ್ತು ಅಮಾಸಿ, ಬಸುರಿನ್ನ ಕರಕೊಂಡು ಹೊಸ್ತಿಲ ದಾಟಬಾರದು. ದೀಪ ಹಚ್ಚೋ ಹೊತ್ತಿಗೆ ಅಮಾಸಿ ಕಳೀತೈತಿ, ಆಮ್ಯಾಲೆ ಬೇಕಾದ್ರ ಆದೋನಿ ದವಾಖಾನಿಗಿ ಹೋಗೂಣು."

ಎಲ್ಲರಿಗೂ ಎಷ್ಟು ಸಮಾಧಾನವಾಯಿತು, ನೀಲಾ! ಯಾರೋ ಚಹಾಕ್ಕಿಟ್ಟರು. ನೀನು ಕೂಡ ಒಂದು ಗುಟುಕು ಕುಡಿದು ನಕ್ಕೆ. ನಿನ್ನ ಕೈ ತಣ್ಣಗಿತ್ತು. ಬೆವರು ಆರಿದ ಕೈ ತಣ್ಣಗಿರದೆ ಇನ್ನೇನು ಅಂದುಕೊಂಡೆ. ದೀಪ ಹಚ್ಚುವ ಮೊದಲೇ ನಿನ್ನ ತುಟಿಯ ಬಣ್ಣ ಹೋಯಿತು. ಜೀಪು ಸಿಕ್ಕಿತು, ಆದೋನಿ ಬಂತು, ನಿನ್ನನ್ನು ಒಳಗೆ ಒಯ್ದರು. ಹೊರಗೆ ಬಂದ ಡಾಕ್ಟರು ಹೇಳಿದ್ದು ನನಗೆ ಮತ್ತು ನಿಮ್ಮವ್ವನಿಗೆ ಮಾತ್ರ ಕೇಳಿಸಿತು: ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿಟ್ಟುಕೊಂಡಿದೆ, ಹಾಗಾದಾಗ ನೋವು ನಿಂತುಬಿಡುತ್ತದೆ, ಆಗಲೇ ತಂದಿದ್ದರೆ... ಕೂಸು ಉಳಿದದ್ದೇ ಆಶ್ಚರ್ಯ.

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ನಿಮ್ಮವ್ವ ಹೇಳಿದ್ದು ಒಂದೇ ಮಾತು. "ಆಪರೇಷನ್ ಮಾಡಿ ಕೊಂದ್ರು." ತೊಡೆಯ ಮೇಲೆ ನಿನ್ನ ಕೂಸು ಇತ್ತು, ಹತ್ತಿಯ ಬತ್ತಿ ಅದ್ದಿ ಅದ್ದಿ ಅದರ ಬಾಯಿಗೆ ಹಾಲು ಹಿಂಡುತ್ತಿದ್ದಳು. ಆ ಹೊತ್ತಿನಲ್ಲಿ ಆಕೆಯ ಬಾಯಿಂದ ಆ ಮಾತನ್ನು ಯಾರು ಕಿತ್ತುಕೊಳ್ಳಬೇಕಿತ್ತು? ಅದೊಂದು ಮಾತಿನ ಆಸರೆಯಲ್ಲೇ ಆಕೆ ಬದುಕಿದಳು. ಆ ಕೂಸು, ನಿನ್ನ ಗಿರಿಜ, ಅದೇ ಮಾತನ್ನು ಕೇಳುತ್ತ ಬೆಳೆದಳು. ನನ್ನನ್ನು ಚಿಗವ್ವ ಎಂದಳು, ನಿಮ್ಮವ್ವನನ್ನು ಅವ್ವ ಎಂದಳು, ನಿನ್ನನ್ನು ಫೋಟೋದಲ್ಲಿ ಅಮ್ಮ ಎಂದಳು.

ಮೂರು ವರ್ಷದ ಹಿಂದೆ ಗಿರಿಜಳ ಮೊದಲ ಹೆರಿಗೆ. ನೋವು ಬಂದು ಬಂದು ಕೂಸು ಇಳಿಯಲೇ ಇಲ್ಲ. ಅವಸರದಲ್ಲಿ ಪೂರ್ತಿ ಮಂಪರು ಕೊಟ್ಟು ಕೊಯ್ದು ತೆಗೆದರು. ಇಬ್ಬರೂ ಉಳಿದರು, ಅದೇ ದೊಡ್ಡದು ಎಂದು ನಾವೆಲ್ಲ ಅಂದುಕೊಂಡೆವು. ಆದರೆ ಆಕೆಗೆ ಎಚ್ಚರವಾದಾಗ ಪಕ್ಕದಲ್ಲಿ ಬಟ್ಟೆ ಸುತ್ತಿದ ಒಂದು ಕೂಸು ಇತ್ತು. "ಇದರ ಮೊದಲನೇ ಅಳು ಊರಿಗೆಲ್ಲ ಕೇಳ್ಸೇತಿ, ನನಗ ಕೇಳಿಲ್ಲ ಚಿಗವ್ವ" ಅಂದಳು. ಗಂಡನ ಊರು ಕೋಸಗಿಯಲ್ಲಿ ಅತ್ತೆಯ ಮಾತು ಬೇರೆ. "ನಾವು ಐದು ಹಡದೀವಿ, ಬಾಣಂತನ ಮುಗಿಯೋ ಮೊದಲ ಹತ್ತಿ ಬಿಡಿಸಾಕ ಹೋದೀವಿ. ಈಗಿನವ್ರು ಹೊಟ್ಟಿ ಕೊಯ್ಸಿಕೊಂಡು ಮಂಚ ಹಿಡೀತಾರ." ಗಂಡ ಮಲ್ಲಿಕಾರ್ಜುನ ಒಳ್ಳೆಯ ಹುಡುಗ, ಆದರೆ ತಾಯಿ ಮಾತಾಡುವಾಗ ಅವನಿಗೆ ಫೋನ್ ಬರುತ್ತದೆ.

ಈ ಸಲ ತಿಂಗಳು ತುಂಬುತ್ತ ಬಂದಾಗ ಕರ್ನೂಲಿನ ಲೇಡಿ ಡಾಕ್ಟರ ಎದುರು ಗಿರಿಜ, ನಾನು ಇಬ್ಬರೂ ಕೂತಿದ್ದೆವು. "ರೆಂಡು ದಾರುಲುನ್ನಾಯಮ್ಮಾ," ಎರಡು ದಾರಿ ಇವೆ ಎಂದು ಆಕೆ ಶುರು ಮಾಡಿದರು. ನಾರ್ಮಲ್‌ಗೆ ಪ್ರಯತ್ನ ಮಾಡಬಹುದು, ಬಹಳ ಮಂದಿಗೆ ಏನೂ ಆಗುವುದಿಲ್ಲ. ಆದರೆ ಹಳೆಯ ಗಾಯ ಬಿಡುವ ಭಯ ಇದ್ದೇ ಇರುತ್ತದೆ. ಆದ್ದರಿಂದ ಮೊದಲ ನೋವಿಗೇ ಇಲ್ಲಿಗೆ ಬಂದಿರಬೇಕು. ರಕ್ತ, ಥಿಯೇಟರ್ ಎಲ್ಲ ತಯಾರಿರಬೇಕು. ಬೇಡವೆಂದರೆ ದಿನ ಗೊತ್ತು ಮಾಡಿ ಆಪರೇಷನ್. ಅದರಲ್ಲೂ ಅದರದೇ ತೊಂದರೆಗಳಿವೆ. "ನಿಮ್ಮ ಅಮ್ಮನ ಹೆರಿಗೆಗಳು ಹೇಗಾಗಿದ್ದವು?" ಎಂದು ಕೇಳಿದರು.

"ನಾ ಹುಟ್ಟುವಾಗ ಆಪರೇಷನ್ ಮಾಡಾಕ ಹೋಗಿ ಕೊಂದ್ರು ಮೇಡಮ್" ಎಂದಳು ಗಿರಿಜ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಗಿರಿಜಳ ಮುಖ ನೋಡಿದೆ. ಅಲ್ಲೇ ಹೇಳಬೇಕಿತ್ತೇ? ನಿಮ್ಮವ್ವನ ಬೆನ್ನ ಹಿಂದೆ, ಪರ ಊರಿನಲ್ಲಿ?

ಬಸ್ಸಿನಲ್ಲಿ ಆಕೆ ನನ್ನ ಹೆಗಲಿಗೆ ಒರಗಿ ತನ್ನ ಉಪಾಯ ಹೇಳಿದಳು, ಕದ್ದ ಹುಣಸೆಕಾಯಿ ತೋರಿಸುವ ಹುಡುಗಿಯಂತೆ. "ನಾ ಅವ್ವನ ಹತ್ರ ಹರಿವಾಣಂದಾಗ ಇರ್ತೀನಿ. ನೋವು ಪೂರಾ ಬರೋತನ ಯಾರಿಗೂ ಹೇಳಂಗಿಲ್ಲ. ಕಡೀಗಿ ಆದೋನಿಗಿ ಹೋಗೂದು. ಆವಾಗ ಕೊಯ್ಯಾಕ ಅವ್ರಿಗೆ ಟೈಮೇ ಇರಂಗಿಲ್ಲ. ಹೆಂಗೈತಿ?"

ಅದೇ ಮನೆ. ಅದೇ ಕೋಣೆ. ನಿನ್ನ ಹಾಗೆ ಸಾಯಬಾರದೆಂದು ಹೆದರಿ, ನೀನು ಹೋದ ದಾರಿಯಲ್ಲೇ ನಿನ್ನ ಮಗಳು ಹೆಜ್ಜೆ ಹೆಜ್ಜೆ ಹುಡುಕಿಕೊಂಡು ಹೊರಟಿದ್ದಳು. ಬಸ್ಸಿನ ಹೊರಗೆ ಹತ್ತಿಯ ಹೊಲಗಳು ಬಿಳಿ ಬಿಟ್ಟು ನಿಂತಿದ್ದವು. ನನಗೆ ಅವು ಆಸ್ಪತ್ರೆಯ ಹಾಸಿಗೆಗಳ ಹಾಗೆ ಕಂಡವು.

ಮರುದಿನ ಶಾಲೆಗೆ ರಜೆ ಹಾಕಿ ಹರಿವಾಣಂಗೆ ಹೋದೆ. ಅಂಗಳದಲ್ಲಿ ಗಿರಿಜ ಮಣೆ ಹಾಕಿ ಕೂತು ನಿಮ್ಮವ್ವನ ತಲೆ ಬಾಚುತ್ತಿದ್ದಳು. ಎಣ್ಣೆ ಹಚ್ಚಿದ ಒಂದು ಹಿಡಿ ಬಿಳಿ ಕೂದಲು. "ಬಾರವ್ವ ಟೀಚರಮ್ಮ" ಎಂದು ನಿಮ್ಮವ್ವ ಕರೆದಳು. "ಇಕಿ ನನ್ನ ತಲೀ ಬಾಚ್ತಾಳೋ ಹೊಲ ಹರಗ್ತಾಳೋ ನೋಡು. ಈ ಸಲ ಇಕಿನ್ನ ಎಲ್ಲೂ ಕಳಸಂಗಿಲ್ಲ. ನಾ ಅದೀನಲ್ಲ."

ನಾನು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. "ಗಿರಿಜಾ, ನಿಮ್ಮಮ್ಮಗ ಆವತ್ತು ಇದೇ ಮನ್ಯಾಗ ನೋವು ನಿಂತಿತ್ತು" ಅಂದೆ.

ಬಾಚಣಿಗೆ ನಿಂತಿತು. "ಬ್ಯಾಡ" ಎಂದಳು ನಿಮ್ಮವ್ವ. ಬಹಳ ಸಣ್ಣ ದನಿ, ಆಕೆಯದು ಅನ್ನಿಸಲಿಲ್ಲ. "ಇದೊಂದು ಬ್ಯಾಡವ್ವ. ಹೇಳಿದ್ರ ಇಕಿ ನನ್ನ ಮಾರಿ ನೋಡ್ತಾಳೇನು?"

"ನೋಡ್ಲಿಕ್ಕೆ ಇಕಿ ಇರಬೇಕಲ್ಲ ಅವ್ವಾ" ಅಂದೆ. ಎಲ್ಲ ಹೇಳಿದೆ. ಚಹಾ, ತಣ್ಣನೆಯ ಕೈ, ದೀಪ ಹಚ್ಚಲು ಕಾದದ್ದು, ಡಾಕ್ಟರ ಮಾತು. ನಡುವೆ ನಿಮ್ಮವ್ವ ಒಂದೇ ಸಲ ಬಾಯಿ ತೆರೆದಳು. "ಅಮಾಸಿ ಇತ್ತು..."

ಗಿರಿಜ ಅಳಲಿಲ್ಲ, ಕೂಗಾಡಲಿಲ್ಲ. ಬಾಚಣಿಗೆ ಮತ್ತೆ ಎತ್ತಿಕೊಂಡಳು. ಉಳಿದ ಕೂದಲು ಬಾಚಿ, ತುರುಬು ಸುತ್ತಿ, ಪಿನ್ನು ಚುಚ್ಚಿ, ಎದ್ದು ಒಳಗೆ ಹೋದಳು. ಸಂಜೆಯ ಬಸ್ಸಿಗೆ ನನ್ನ ಜೊತೆ ಆದೋನಿಯ ನನ್ನ ಮನೆಗೆ ಬಂದುಬಿಟ್ಟಳು. ಹೊಸ್ತಿಲಲ್ಲಿ ನಿಂತ ನಿಮ್ಮವ್ವನಿಗೆ ಹೋಗಿ ಬರ್ತೀನಿ ಅನ್ನಲಿಲ್ಲ.

ಎರಡನೆಯ ಸಲ ಮಲ್ಲಿಕಾರ್ಜುನನೂ ಸೇರಿ ಡಾಕ್ಟರ ಹತ್ತಿರ ಹೋದಾಗ ಮಾತಾಡಿದ್ದೆಲ್ಲ ಗಿರಿಜಳೇ. ನಮ್ಮೂರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಗಾಯ ಬಿಟ್ಟರೆ ಏನು ಮಾಡುತ್ತೀರಿ? ಈಗಲೇ ಬಂದು ಇಲ್ಲೇ ಇದ್ದರೆ? ಮೊದಲನೆಯ ಸಲ ಕೂಸು ಯಾಕೆ ಇಳಿಯಲಿಲ್ಲ, ಈ ಸಲವೂ ಹಾಗೇ ಆಗಬಹುದೇ? ಡಾಕ್ಟರು ಸ್ಕ್ಯಾನ್ ನೋಡಿ ಒಂದೊಂದಕ್ಕೂ ಉತ್ತರ ಕೊಟ್ಟರು. ಯಾವುದಕ್ಕೂ ಖಂಡಿತ ಎನ್ನಲಿಲ್ಲ. ಕಡೆಗೆ ಗಿರಿಜ ಕೇಳಿದಳು, "ಆಪರೇಷನ್ ಆದ್ರ ನನಗ ಎಚ್ಚರ ಇರ್ತೈತೇನ್ರಿ?"

"ಇರುತ್ತೆ. ಅವಸರ ಇಲ್ಲದಿದ್ದರೆ ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುತ್ತೇವೆ."

"ಕೂಸು ಅಳೋದು ಕೇಳ್ತೈತೇನ್ರಿ?"

"ಎಲ್ಲರಿಗಿಂತ ಮೊದಲು ನಿಮಗೇ ಕೇಳುತ್ತೆ."

"ಹಂಗಾದ್ರ ಆಪರೇಷನ್ನೇ ಮಾಡ್ರಿ. ನೋಡ್ರಿ, ಅಂಜಿ ಹೇಳ್ತಿಲ್ಲ. ನಾನೇ ಹೇಳ್ತೀನಿ" ಎಂದಳು. ನಿನ್ನ ದನಿ, ನೀಲಾ. ಅಂಗೈ ಇಟ್ಟು ಪುಟ ಮುಚ್ಚುತ್ತಿದ್ದ ಅದೇ ದನಿ.

ಡಾಕ್ಟರು ದಿನ ಹೇಳಿದರು. ಮಲ್ಲಿಕಾರ್ಜುನ ಗೋಡೆಯ ಕ್ಯಾಲೆಂಡರ್ ನೋಡಿ ಗಂಟಲು ಸರಿ ಮಾಡಿಕೊಂಡ. ಆ ಚೌಕದಲ್ಲಿ ಕಪ್ಪು ಚುಕ್ಕೆ ಇತ್ತು. ಅಮಾವಾಸ್ಯೆ. ನಿನ್ನ ಹತ್ತಿರ ಏನು ಮುಚ್ಚಲಿ? ಎಂ.ಎ. ಓದಿದ ನನಗೂ ಒಂದು ದಿನ ಮುಂದೆ ಹಾಕಬಹುದೇ ಎಂದು ನಾಲಿಗೆಯ ತುದಿಯವರೆಗೆ ಬಂತು. ಗಿರಿಜ ಕ್ಯಾಲೆಂಡರಿಗೆ ಬೆನ್ನು ಮಾಡಿ ಎದ್ದು ನಿಂತಳು. "ಅದೇ ದಿನ ಇರ್ಲಿ."

ಈ ದಿನ ಬೆಳಿಗ್ಗೆ ಕಾರು ನನ್ನ ಮನೆ ಮುಂದೆ ಬಂದಾಗ ಹಿಂದಿನ ಸೀಟಿನಲ್ಲಿ ಯಾರೋ ಆಗಲೇ ಕೂತಿದ್ದರು. ನಿಮ್ಮವ್ವ. ಹಣೆ ತುಂಬ ವಿಭೂತಿ, ತೊಡೆಯ ಮೇಲೆ ಹಳೆಯ ಸೀರೆಯ ಗಂಟು, ಕೂಸಿಗೆ ಸುತ್ತಲಿಕ್ಕೆ. ಮಲ್ಲಿಕಾರ್ಜುನ ಕಾರು ತರುವಾಗ ಹರಿವಾಣಂಗೆ ಹೋಗಿ ತಿಳಿಸಿದನಂತೆ. ಕರೆಯದೆಯೇ ಬಂದು ಹತ್ತಿದಳಂತೆ.

"ಅವ್ವಾ, ಇವತ್ತು ಅಮಾಸಿ..." ಎಂದು ನಾನು ಬಾಯಿ ತೆರೆದೆ.

"ನನಗ ಹೇಳ್ತಿಯೇನು ಟೀಚರಮ್ಮ? ಜಲ್ದಿ ಹತ್ರಿ. ಎಷ್ಟೊತ್ತು ಸೀರಿ ಉಡ್ತೀರಿ ಇಬ್ರೂ! ಮದುವೀಗಿ ಹೊಂಟೀರೇನು?"

ಗಿರಿಜ ಆಕೆಯ ಪಕ್ಕದಲ್ಲೇ ಹೋಗಿ ಕೂತಳು.

ಎಮ್ಮಿಗನೂರು ದಾಟಿತು. ಕೋಡುಮೂರು ಇನ್ನೂ ಬಂದಿರಲಿಲ್ಲ. ಗಿರಿಜ ಹೊಟ್ಟೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು. ಬಿಗಿ ಹಿಡಿದ ತುಟಿ ನೋಡಿಯೇ ತಿಳಿಯಿತು. ಆಪರೇಷನ್ನಿಗೆ ಮುಂಚೆ ಬರಬಾರದಿದ್ದ ನೋವು ದಾರಿಯಲ್ಲೇ ಬಂದಿತ್ತು. ಒಂದು ಸಲ, ಮತ್ತೊಂದು ಸಲ. ಆಮೇಲೆ ಬಹಳ ಹೊತ್ತು ಆ ತುಟಿ ಬಿಗಿಯಲೇ ಇಲ್ಲ.

"ಗಿರಿಜಾ?"

"ಈಗ ಇಲ್ಲ ಚಿಗವ್ವ. ನಿಂತೈತಿ."

ನಿಮ್ಮವ್ವ ಆಕೆಯ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡು ಒತ್ತಿ ಒತ್ತಿ ನೋಡಿದಳು. ಬೆಚ್ಚಗಿವೆಯೋ ತಣ್ಣಗಿವೆಯೋ ಎಂದು ನಾನು ಕೇಳಲಿಲ್ಲ. ಆಕೆ ಹೇಳಲಿಲ್ಲ. ಮುಂದಕ್ಕೆ ಬಾಗಿ ಡ್ರೈವರನ ಹೆಗಲು ಹಿಡಿದು ಕೂಗಿದಳು: "ನಿಂದ್ರಬ್ಯಾಡಪ್ಪಾ, ಎಲ್ಲೂ ನಿಂದ್ರಬ್ಯಾಡ! ನೋವು ನಿಂತೈತಿ, ಕೇಳ್ಸಿಲ್ಲೇನು, ನೋವು ನಿಂತೈತಿ!"

ಇಲ್ಲಿ ಬಂದ ಮೇಲೆ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ನಮಗೆ ಏನೂ ಹೇಳಲಿಲ್ಲ. ನರ್ಸಿಗೆ ಮಾತ್ರ ಏನೋ ಹೇಳಿದರು, ನರ್ಸು ಓಡಿದಳು. ನೋವು ಬಂದು ನಿಲ್ಲುವುದು ಎಷ್ಟೋ ಸಲ ಏನೂ ಅಲ್ಲವಂತೆ, ಪಕ್ಕದ ಬೆಂಚಿನ ಹೆಂಗಸು ಹೇಳಿದಳು. ಇರಬಹುದು. ಆದರೆ ಆ ನರ್ಸು ಓಡಿದಳು, ನೀಲಾ. ಬಾಗಿಲ ಹತ್ತಿರ ಗಿರಿಜ ತಿರುಗಿ ನೋಡಿದ್ದು ನಿಮ್ಮವ್ವನನ್ನು. "ಹೋಗಿ ಬರ್ತೀನವ್ವ" ಅಂದಳು. ಆವತ್ತು ಹೊಸ್ತಿಲಲ್ಲಿ ಬಿಟ್ಟುಬಂದಿದ್ದ ಮಾತು.

ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದೆ. ಪುಟದ ಕೊನೆಯ ಸಾಲಿನ ಮೇಲೆ ಯಾರೋ ಅಂಗೈ ಇಟ್ಟಿದ್ದಾರೆ, ಈ ಸಲ ನನಗೂ ಅಂದಾಜು ಹೇಳುವ ಧೈರ್ಯವಿಲ್ಲ. ಒಂದು ಮಾತು ಮಾತ್ರ ಕೊಡಬಲ್ಲೆ: ಒಳಗಿನಿಂದ ಏನೇ ಬರಲಿ, ಆದದ್ದನ್ನು ಆದ ಹಾಗೇ ಹೇಳುತ್ತೇವೆ. ನಿಮ್ಮ ಮನೆಯಲ್ಲಿ ಇನ್ನೊಂದು ಕೂಸು ಸುಳ್ಳಿನ ಹಾಲು ಕುಡಿದು ಬೆಳೆಯುವುದಿಲ್ಲ.

ನಿಮ್ಮವ್ವ ಪಕ್ಕದಲ್ಲೇ ಇದ್ದಾಳೆ. ಸೀರೆಯ ಗಂಟನ್ನು ಎದೆಗೆ ಒತ್ತಿಕೊಂಡು ಬಾಗಿಲು ನೋಡುತ್ತಿದ್ದವಳು ಈಗ ನನ್ನ ಕಡೆ ತಿರುಗಿದಳು.

"ಆಗಿಂದ ಯಾರಿಗೆ ಬರೀತೀಯವ್ವ?"

"ನೀಲಾಗ."

ಬರೆಯುತ್ತಿರುವ ನನ್ನ ಕೈಯನ್ನೇ ನೋಡಿದಳು.

"ಬರಿ," ಅಂದಳು. "ನಿಮ್ಮವ್ವ ಅಮಾಸಿ ದಿನಾನ ಹೊಸ್ತಿಲ ದಾಟಿ ಬಂದಾಳಂತ ಬರಿ."